ಜೈತುನಬಿಯ ಸಿಮ್

ಮಾಳಿಗೆಯ ಮೋಟುಗೋಡೆಯ ಮೇಲೆ, ಮೂಲೆಯಿಂದ ಸರಿಯಾಗಿ ಎರಡು ಗೇಣು ದೂರದಲ್ಲಿ, ಸುಣ್ಣದಿಂದ ಎಳೆದ ಒಂದು ಗುಣಿಸು ಚಿಹ್ನೆ ಇತ್ತು. ಮಳೆಗೆ ಅಳಿಸಿದಾಗಲೆಲ್ಲ ಅದನ್ನು ಮತ್ತೆ ತಿದ್ದಿದ್ದರು. ಗೆರೆಯ ಮೇಲೆ ಗೆರೆ ಕೂತು ಸುಣ್ಣ ಬೆರಳಿಗೆ ತಾಕುವಷ್ಟು ದಪ್ಪವಾಗಿತ್ತು. ಫೋನನ್ನು ಆ ಗುರುತಿನ ಮೇಲೆ ಇಟ್ಟರೆ ಮಾತ್ರ ಇಂಟರ್ನೆಟ್ ಬರುತ್ತದೆ ಎಂಬುದು ಆ ಓಣಿಯವರ ನಂಬಿಕೆ. ನಾನು ನನ್ನ ಅಳತೆಯ ಫೋನನ್ನು ಅಲ್ಲಿಟ್ಟೆ. ಸಿಗ್ನಲ್ ಮೈನಸ್ 79. ನಾಲ್ಕು ಹೆಜ್ಜೆ ಆಚೆ, ನೀರಿನ ಟಾಕಿಯ ಪಕ್ಕದಲ್ಲಿಟ್ಟೆ. ಮೈನಸ್ 79. ಕೆಳಗಿನ ಮೆಟ್ಟಿಲ ಮೇಲೆ ಮೈನಸ್ 81. ಅಂದರೆ ಆ ಗುರುತಿಗೆ ಯಾವ ಅರ್ಥವೂ ಇರಲಿಲ್ಲ.

ಇದು ಗುಳೇದಗುಡ್ಡದ ಒಂದು ನೇಕಾರರ ಓಣಿ. 2023, ಮಳೆಗಾಲದ ಕೊನೆಯ ದಿನಗಳು. ಆಗ ನಾನು ಬಾಗಲಕೋಟೆಯಲ್ಲಿದ್ದುಕೊಂಡು ಡ್ರೈವ್ ಟೆಸ್ಟ್ ಇಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೆ. ಈ ಹೆಸರಿನ ಕೆಲಸವೊಂದಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮೊಬೈಲ್ ಕಂಪನಿ ಟವರ್ ಹಾಕಿಸಿದ ಮೇಲೆ ಅದು ಹೇಗೆ ನಡೆಯುತ್ತಿದೆ ಎಂದು ಅಳೆದು ನೋಡುವ ಕೆಲಸವನ್ನು ಗುತ್ತಿಗೆ ಸಂಸ್ಥೆಗೆ ವಹಿಸುತ್ತದೆ. ಅಂಥ ಒಂದು ಸಂಸ್ಥೆಯ ಕರಾರು ನೌಕರಳು ನಾನು. ಬಾಗಲಕೋಟೆ, ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲ ಇಷ್ಟೂ ನನ್ನ ಪಾಲಿಗೆ ಬಂದಿದ್ದವು. ಒಂದು ಬೊಲೆರೊ, ಅದರ ಚಾಲಕ ಹನಮಪ್ಪ, ತೊಡೆಯ ಮೇಲೆ ಲ್ಯಾಪ್‌ಟಾಪ್, ಅದಕ್ಕೆ ತಂತಿಯಿಂದ ಜೋಡಿಸಿದ ಎರಡು ಫೋನು, ಗಾಡಿಯ ಟಪ್ಪಿನ ಮೇಲೆ ಒಂದು ಜಿಪಿಎಸ್. ಊರೊಳಗೆ ನಿಧಾನವಾಗಿ ಸುತ್ತುತ್ತಿದ್ದರೆ ಜನ ನಮ್ಮನ್ನು ಸರ್ವೇದವರೆಂದು ತಿಳಿದು ರೇಷನ್ ಕಾರ್ಡು ತಂದು ಕಿಟಕಿಯಲ್ಲಿ ಹಿಡಿಯುತ್ತಿದ್ದರು.

ನಾವು ಅಳೆಯುವುದು ಮುಖ್ಯವಾಗಿ ಎರಡನ್ನು. ಒಂದು ಸಿಗ್ನಲ್ಲಿನ ಬಲ. ಅದು ಮೈನಸ್ ಸಂಖ್ಯೆಯಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 79 ಎಂದರೆ ಗಟ್ಟಿ ಸಿಗ್ನಲ್. ಇನ್ನೊಂದು ಡೇಟಾದ ವೇಗ. ಇವೆರಡೂ ಒಂದೇ ಎಂದು ಜನ ತಿಳಿಯುತ್ತಾರೆ. ಸಿಗ್ನಲ್ ಎಂದರೆ ಟವರಿನ ದನಿ ನಿಮಗೆ ಕೇಳಿಸುತ್ತಿದೆ ಎಂದಷ್ಟೇ. ನಿಮ್ಮ ಕೆಲಸಕ್ಕೆ ಅದಕ್ಕೆ ಬಿಡುವಿದೆಯೇ ಎಂಬುದನ್ನು ವೇಗ ಹೇಳುತ್ತದೆ. ವೇಗದ ಸರಾಸರಿ 8 ಎಂಬಿಪಿಎಸ್ ದಾಟಿದರೆ ಆ ಟವರ್ ಪಾಸ್. ವರದಿಯ ಕೊನೆಗೆ ನನ್ನ ಹೆಸರು, ಸಹಿ.

ದೂರು ಬಂದ ಕಡೆಯೂ ಇದೇ ಪರೀಕ್ಷೆ. ಫೇಲ್ ಆದರೆ ಟವರಿಗೆ ಎರಡನೇ ಕ್ಯಾರಿಯರ್, ಅಂದರೆ ಇನ್ನೊಂದು ತರಂಗಪಟ್ಟಿ, ಮಂಜೂರಾಗುವ ಸಾಲಿಗೆ ಸೇರುತ್ತದೆ. ಒಂದೇ ದಾರಿ ಇದ್ದಲ್ಲಿ ಮತ್ತೊಂದು ದಾರಿ ಮಾಡಿಕೊಟ್ಟ ಹಾಗೆ. ಪಾಸ್ ಆದರೆ ದೂರು ಮುಚ್ಚಿಹೋಗುತ್ತದೆ. ಮುಚ್ಚುವಾಗ ಕಾರಣ ಬರೆಯಬೇಕು. ಪಟ್ಟಿಯಲ್ಲಿ ಮೊದಲು ಸಿಗುವ ಕಾರಣ ‘ಹ್ಯಾಂಡ್‌ಸೆಟ್ ದೋಷ’.

ಆ ಓಣಿಯ ದೂರು ನನಗೆ ಹೊಸದಲ್ಲ. ನಾಲ್ಕು ತಿಂಗಳ ಹಿಂದೆಯೂ ಬಂದಿತ್ತು. ಆಗ ಓಣಿಯೊಳಗೆ ಗಾಡಿ ಹೋಗಲಿಲ್ಲವೆಂದು ಮುಖ್ಯ ರಸ್ತೆಯಲ್ಲಿಯೇ ಎರಡು ಸುತ್ತು ಹಾಕಿ, ವೇಗ 19 ಬಂದದ್ದನ್ನು ನೋಡಿ, ಪಾಸ್ ಬರೆದು ಹೊರಟುಹೋಗಿದ್ದೆ. ಅದೇ ವಿಳಾಸದಿಂದ ಮತ್ತೆ ದೂರು ಬಂದದ್ದರಿಂದ ಈ ಸಲ ಇಳಿದು ನಡೆದೆ. ಎರಡೂ ಕಡೆ ಮಗ್ಗದ ಸಪ್ಪಳ. ಆ ಸದ್ದಿನ ನಡುವೆ ಮಾತು ಕೇಳಿಸಬೇಕಾದರೆ ನಿಂತೇ ಮಾತಾಡಬೇಕು.

ದೂರು ಕೊಟ್ಟವರು ಜೈತುನಬಿ. ಐವತ್ತು ದಾಟಿದ ವಯಸ್ಸು, ಗಂಡ ಖಣದ, ಅಂದರೆ ರವಿಕೆ ಬಟ್ಟೆಯ, ವ್ಯಾಪಾರ ಮಾಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಅದನ್ನು ಇವರೇ ಹಿಡಿದಿದ್ದರು, ಆದರೆ ಊರೂರು ತಿರುಗುವುದನ್ನು ಬಿಟ್ಟು. ಓಣಿಯ ಏಳು ಮನೆಯ ಹೆಂಗಸರು ನೇಯ್ದ ಖಣಗಳನ್ನು ಮಾಳಿಗೆಗೆ ತರಿಸಿಕೊಂಡು, ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಕೊಲ್ಹಾಪುರ, ಸೊಲ್ಲಾಪುರದ ಅಂಗಡಿಗಳಿಗೆ ವಿಡಿಯೊ ಕಾಲ್ ಮಾಡಿ ಒಂದೊಂದನ್ನೇ ಬಿಡಿಸಿ ತೋರಿಸುತ್ತಿದ್ದರು. ಫೋಟೊ ಕಳಿಸಿದರೆ ಆ ಅಂಗಡಿಯವರು ಒಪ್ಪುವುದಿಲ್ಲ. ಯಂತ್ರದ ಮಗ್ಗದಲ್ಲಿ ಆದ ನಕಲನ್ನು ಕೈಮಗ್ಗದ್ದೆಂದು ಫೋಟೊದಲ್ಲಿ ಮಾರಿದವರು ಬಹಳ. ಕಣ್ಣೆದುರು ಬಟ್ಟೆ ತಿರುವಿ ಹಿಂಬದಿ ತೋರಿಸಬೇಕು, ಬಿಸಿಲಿನಲ್ಲಿ ಬಣ್ಣ ತೋರಿಸಬೇಕು. ವಿಡಿಯೊ ಮಧ್ಯೆ ನಿಂತುಬಿಟ್ಟರೆ ಅವರಿಗೆ ಅನುಮಾನ. ಬಟ್ಟೆ ಬದಲಿಸಲಿಕ್ಕೆ ಕಾಲ್ ನಿಲ್ಲಿಸಿದಳೇನೋ ಎಂದು.

ಒಂದು ವರ್ಷದಿಂದ ವಿಡಿಯೊ ನಿಲ್ಲುತ್ತಲೇ ಇತ್ತು. ಮುಂದಿನ ತಿಂಗಳು ವೇಗ ಬರುತ್ತದೆ, ಹಬ್ಬಕ್ಕೆ ಬರುತ್ತದೆ ಎಂದು ರಿಚಾರ್ಜ್ ಅಂಗಡಿಯಿಂದ ಹಿಡಿದು ಎಲ್ಲರೂ ಹೇಳುತ್ತಿದ್ದರು. ಓಣಿಯವರು ಮೂರು ಕಂಪನಿಯ ಸಿಮ್ ಬದಲಿಸಿ ನೋಡಿದ್ದರು. ಮೂರನೆಯದು ನಾವು ಪರೀಕ್ಷೆ ಮಾಡುತ್ತಿದ್ದ ಕಂಪನಿಯದು. ಕೊಲ್ಹಾಪುರದ ದೊಡ್ಡ ಗಿರಾಕಿ ಈಗ ಒಂದು ಮಾತು ಹೇಳಿಬಿಟ್ಟಿದ್ದ. ಈ ತಿಂಗಳ ಕೊನೆಯೊಳಗೆ ನೆಟ್ಟಗೆ ತೋರಿಸದಿದ್ದರೆ ಬೇರೆ ಕಡೆಯಿಂದ ತರಿಸಿಕೊಳ್ಳುತ್ತೇನೆ ಎಂದು. ಏಳು ಮಗ್ಗಗಳಲ್ಲಿ ಐದು ಅವನೊಬ್ಬನ ಬೇಡಿಕೆಯ ಮೇಲೆಯೇ ನಡೆಯುತ್ತಿದ್ದವು.

ನಾವು ಮಾಳಿಗೆ ಏರಿದಾಗ ಹತ್ತು ಗಂಟೆ ಆಗಿತ್ತು. ಹನಮಪ್ಪನೂ ಚಹಾದ ಆಸೆಗೆ ಹಿಂದೆ ಬಂದಿದ್ದ. ನಾನು ಅಳತೆ ಮುಗಿಸಿ ಲ್ಯಾಪ್‌ಟಾಪ್ ತೆರೆದೆ. ಸಿಗ್ನಲ್ ಉತ್ತಮ, ವೇಗ 21.4. ನಿಯಮದ ಪ್ರಕಾರ ಕೆಲಸ ಮುಗಿದಿತ್ತು. ಸಿಗ್ನಲ್ ಎಲ್ಲ ಕಡೆ ಒಂದೇ ಥರ ಇದೆ, ಗುರುತಿನ ಮೇಲೆಯೇ ಇಡಬೇಕೆಂದಿಲ್ಲ ಎಂದು ಹೇಳಿದೆ.

ಜೈತುನಬಿ ಆ ಸುಣ್ಣದ ಗುರುತನ್ನು ನೋಡಿದರು. “ಹಂಗಾದ್ರ ಇಷ್ಟ ದಿನಾ ನಾ ಬಿಸಲಾಗ ಯಾಕ ನಿಂತಿದ್ದೆ?” ಎಂದರು. ನನ್ನನ್ನು ಕೇಳಿದಂತಿರಲಿಲ್ಲ.

ಆಮೇಲೆ ಒಳಗಿನಿಂದ ಎರಡು ಫೋನು ತಂದು ಸ್ಟೂಲಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದು ಹಳೆಯದು, ಗಾಜು ಸೀಳಿದ್ದು. ಒಂದು ಹೊಸದು, ಪ್ಲಾಸ್ಟಿಕ್ ಹಾಳೆಯನ್ನೂ ಇನ್ನೂ ಕಿತ್ತಿರಲಿಲ್ಲ.

“ಹ್ವಾದ ಸಲಾ ದೂರು ಕೊಟ್ಟಾಗ ನಿಮ್ಮ ಕಂಪನ್ಯಾವ್ರು ಮೆಸೇಜ್ ಕಳಿಸಿದ್ರು. ಫೋನಿನ್ಯಾಗ ದೋಷ ಐತಿ ಅಂತ. ಎರಡು ಆಡು ಕೊಟ್ಟು ಈ ಹೊಸಾದು ತಂದೆ. ಈಗ ಇದರಾಗೂ ದೋಷ ಐತೇನು?”

ಆ ಮೆಸೇಜು ನಾನು ಬರೆದ ವರದಿಯಿಂದ ಹುಟ್ಟಿದ್ದು. ಪಟ್ಟಿಯ ಮೊದಲ ಸಾಲನ್ನು ಆರಿಸುವಾಗ ಅದು ಯಾರ ಮನೆಗೆ ಹೋಗಿ ತಲುಪುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಹನಮಪ್ಪ ನನ್ನ ಮುಖ ನೋಡಿದ. ಅವನಿಗೂ ಗೊತ್ತಿತ್ತು, ಆವತ್ತು ಗಾಡಿ ಹೊಡೆದವನು ಅವನೇ.

“ಅದನ್ನ ಬರದಾಕಿ ನಾನ ಚಾಚಿ,” ಎಂದೆ.

ಬೈಯಬಹುದೆಂದು ಕಾದೆ. ಅವರು ಬೈಯಲಿಲ್ಲ. ನನ್ನ ಲ್ಯಾಪ್‌ಟಾಪಿನ ಕಡೆ ಬಗ್ಗಿ, ಅದರಲ್ಲೇನು ಬಂದಿದೆ ಎಂದು ಕೇಳಿದರು. ಚಲೋ ವೇಗ ತೋರಿಸುತ್ತಿದೆ ಎಂದೆ.

“ನಿನ್ನ ಸಿಮ್ಮಿಗೆ ತೋರಸತೈತಿ. ನಿನ್ನ ಫೋನಿನ್ಯಾಗ ನನ್ನ ಸಿಮ್ ಹಾಕಿ ನೋಡು. ಫೋನ್ ನಿಂದು, ಮಾಳಗಿ ನಂದು. ಈಗ ಯಾರ ಮ್ಯಾಲೆ ದೋಷ ಹಾಕ್ತಿ ನೋಡೂಣು.”

ಹನಮಪ್ಪ ನಕ್ಕ. ನನಗೆ ನಗು ಬರಲಿಲ್ಲ. ಅಳತೆಯ ಫೋನಿನ ಸಿಮ್ ತೆಗೆಯಬಾರದೆಂಬುದು ನಮ್ಮ ಸಂಸ್ಥೆಯ ನಿಯಮ. ಆ ಸಿಮ್ಮನ್ನು ಕಂಪನಿಯೇ ಕೊಟ್ಟಿರುತ್ತದೆ, ಅದರ ಸಂಖ್ಯೆ ಸಾಫ್ಟ್‌ವೇರ್‌ನಲ್ಲಿ ನಮೂದಾಗಿರುತ್ತದೆ. ಹದಿನಾಲ್ಕು ತಿಂಗಳಲ್ಲಿ ನಾನು ಅದನ್ನು ಒಮ್ಮೆಯೂ ಹೊರಗೆ ತೆಗೆದಿರಲಿಲ್ಲ. ತೆಗೆಯುವ ಸೂಜಿಯೂ ನನ್ನ ಬಳಿ ಇರಲಿಲ್ಲ. ಜೈತುನಬಿ ತಮ್ಮ ಕಿವಿಯ ಓಲೆಯೊಂದನ್ನು ಬಿಚ್ಚಿ ಅದರ ಕಡ್ಡಿಯಿಂದ ಫೋನಿನ ತಟ್ಟೆಯನ್ನು ಹೊರಗೆಳೆದರು.

ಸಮಯ ಹತ್ತು ಗಂಟೆ ಹನ್ನೊಂದು ನಿಮಿಷ. ಅದೇ ಫೋನು, ಅದೇ ಜಾಗ, ಅದೇ ಟವರು, ಸಿಗ್ನಲ್ ಅದೇ ಮೈನಸ್ 79. ವೇಗ 0.38.

ಕೈತಪ್ಪು ಇರಬಹುದೆಂದು ಮತ್ತೆ ನನ್ನ ಸಿಮ್ ಹಾಕಿದೆ. 20.6. ಮತ್ತೆ ಅವರದು. 0.41. ಮತ್ತೆ ನನ್ನದು, 22. ಮತ್ತೆ ಅವರದು, 0.29. ಮೊದಲಿನ 21.4 ಸೇರಿ ಆರು ಸಲದ್ದೂ ಪರದೆಯ ಚಿತ್ರ ಉಳಿಸಿಕೊಂಡೆ.

ಕಾರಣ ಗುಟ್ಟಿನದೇನಲ್ಲ. ಟವರಿನಲ್ಲಿ ಗದ್ದಲವಿದ್ದಾಗ ಯಾರಿಗೆ ಮೊದಲು ಕೊಡಬೇಕೆಂಬುದಕ್ಕೆ ನೆಟ್‌ವರ್ಕಿನಲ್ಲಿ ದರ್ಜೆಗಳಿರುತ್ತವೆ, ಪ್ರತಿ ಸಿಮ್ಮಿಗೂ ಒಂದು ದರ್ಜೆ ಬರೆದಿರುತ್ತದೆ. ನಮ್ಮ ಟೆಸ್ಟ್ ಸಿಮ್ ದೊಡ್ಡ ಸಂಸ್ಥೆಗಳಿಗೆ ಕೊಡುವ ಪೋಸ್ಟ್‌ಪೇಯ್ಡ್ ಗುಂಪಿನದು, ಮುಂದಿನ ದರ್ಜೆ. ಆ ಕಂಪನಿಯಲ್ಲಿ ಪ್ರೀಪೇಯ್ಡಿಗೆ ಕೊನೆಯ ದರ್ಜೆ. ಗದ್ದಲವಿಲ್ಲದಾಗ ಇಬ್ಬರಿಗೂ ಸಿಗುತ್ತದೆ, ವ್ಯತ್ಯಾಸ ತಿಳಿಯುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಇಡೀ ಪೇಟೆ ಫೋನು ಹಿಡಿದಾಗ ಮುಂದಿನವರು ತಿಂದು ಉಳಿದದ್ದು ಹಿಂದಿನವರಿಗೆ. ಇದನ್ನು ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಚಿತ್ರ ಸಮೇತ ಉತ್ತರವನ್ನೂ ಬರೆದಿದ್ದೆ. ನನ್ನ ಕೈಯಲ್ಲಿರುವ ಸಿಮ್ ಯಾವ ದರ್ಜೆಯದು ಎಂದು ಮಾತ್ರ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಆ ಓಣಿಯಲ್ಲಿ ವಿಚಾರಿಸಿದೆ. ಪೋಸ್ಟ್‌ಪೇಯ್ಡ್ ಇದ್ದವರು ಒಬ್ಬರೂ ಇರಲಿಲ್ಲ.

ಇದನ್ನೆಲ್ಲ ಜೈತುನಬಿಗೆ ಹೇಳಲು ನಾನು ಒದ್ದಾಡುತ್ತಿದ್ದಾಗ ಹನಮಪ್ಪ ಒಂದೇ ಮಾತಿನಲ್ಲಿ ಮುಗಿಸಿದ.

“ಬಾದಾಮಿ ಸ್ಟ್ಯಾಂಡಿನ್ಯಾಗ ಬಸ್ ಬಂದ ಕೂಡ್ಲೆ ಕಿಡಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡೀತಾರಲ್ಲ ಚಾಚಿ, ಮೇಡಮ್ಮಾರ ಸಿಮ್ಮು ಹಂಗ. ಬಾಗಲಾಗ ನಿಂತು ಹತ್ತಾವ್ರು ನೀವು.”

“ಮತ್ತ ಬಸ್ಸಿನ್ಯಾಗ ಸೀಟ್ ಅದಾವು ಅಂತ ಬರಕೊಂಡು ಹೊಕ್ಕಾಳ ಈಕಿ,” ಎಂದರು ಜೈತುನಬಿ.

ಅದಕ್ಕಿಂತ ನಿಖರವಾಗಿ ನನ್ನ ಕೆಲಸವನ್ನು ಯಾರೂ ವಿವರಿಸಿಲ್ಲ.

ಹೊರಡುವಾಗ ಅವರು ಮೆಟ್ಟಿಲತನಕ ಬಂದರು. ಅವರ ಸಿಮ್ಮನ್ನು ಅವರ ಹೊಸ ಫೋನಿಗೆ ಹಾಕಿಕೊಟ್ಟೆ, ಓಲೆಯನ್ನು ಅವರು ಮತ್ತೆ ಕಿವಿಗೆ ಹಾಕಿಕೊಂಡರು. ಕ್ಷಮೆ ಕೇಳಬೇಕೆಂದಿದ್ದೆ. ನನಗೆ ಅಂಥ ಮಾತುಗಳು ಸುಲಭವಾಗಿ ಬರುವುದಿಲ್ಲ. ಅವರೇ ಹೇಳಿದರು, “ಬರದಾಕಿನ ಬಂದಿ, ಚಲೋ ಆತು. ಈಗ ಖರೆ ಬರಿ.”

ಬಾಗಲಕೋಟೆಗೆ ಬಂದು ವರದಿ ತುಂಬಲು ಕೂತೆ. ಅದರ ನಮೂನೆಯಲ್ಲಿ ಟೆಸ್ಟ್ ಸಿಮ್ಮಿನ ವೇಗಕ್ಕೆ ಮಾತ್ರ ಜಾಗವಿತ್ತು. ಅಲ್ಲಿ 21.4 ಎಂದು ಬರೆದರೆ ಸಾಕು, ಮುಂದಿನ ಚೌಕ ತಾನಾಗಿಯೇ ಹಸಿರಾಗಿ ‘ಪಾಸ್’ ತೋರಿಸುತ್ತದೆ. ದೂರು ಮುಚ್ಚುತ್ತದೆ. ಒಂದೇ ವಿಳಾಸದ ದೂರು ಎರಡು ಸಲ ಮುಚ್ಚಿದರೆ ಆ ಟವರ್ ವರ್ಷದ ಮಟ್ಟಿಗೆ ಎರಡನೇ ಕ್ಯಾರಿಯರಿನ ಪಟ್ಟಿಗೆ ಬರುವುದಿಲ್ಲ. ಅಷ್ಟರೊಳಗೆ ಕೊಲ್ಹಾಪುರದವನ ಮಾತು ಮುಗಿದು, ಐದು ಮಗ್ಗ ನಿಂತಿರುತ್ತವೆ.

ನಾನು ಟಿಪ್ಪಣಿಯ ಜಾಗದಲ್ಲಿ ಎರಡೂ ಸಿಮ್ಮಿನ ಆರು ಅಂಕೆಗಳನ್ನೂ ಸಮಯ ಸಮೇತ ಬರೆದೆ. ಆರು ಚಿತ್ರಗಳನ್ನು ಲಗತ್ತಿಸಿದೆ. ಫಲಿತಾಂಶದ ಚೌಕವನ್ನು ಕೈಯಿಂದ ಬದಲಿಸಿ ‘ಫೇಲ್’ ಎಂದು ಮಾಡಿದೆ. ಕಳಿಸುವ ಮೊದಲು ನಮ್ಮ ತಂಡದ ಲೀಡ್ ಕುಲಕರ್ಣಿ ಸರ್ ಅವರಿಗೆ ಹುಬ್ಬಳ್ಳಿಗೆ ಫೋನ್ ಮಾಡಿ ತಿಳಿಸಿದೆ. ಹಿಂದಿನಿಂದ ಕಳಿಸುವುದು ಸರಿಯಲ್ಲ ಅನ್ನಿಸಿತ್ತು.

ಕುಲಕರ್ಣಿ ಸರ್ ಕೆಟ್ಟವರಲ್ಲ. ನನಗೆ ಈ ಕೆಲಸ ಕಲಿಸಿದವರು ಅವರೇ. ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು. ಟೆಸ್ಟ್ ಸಿಮ್ ಕಂಪನಿಯವರು ಕೊಟ್ಟದ್ದು, ನಮೂನೆ ಕಂಪನಿಯವರದು, ನಾವು ನಮೂನೆ ತುಂಬುವವರು ಎಂದರು. ಗ್ರಾಹಕರ ಸಿಮ್ಮಿನ ಅಂಕೆ ನಮೂನೆಯಲ್ಲಿ ಇಲ್ಲವೇ ಇಲ್ಲ, ಅದನ್ನು ಸೇರಿಸಿದರೆ ಇಡೀ ವರದಿ ಅಮಾನ್ಯವಾಗುತ್ತದೆ ಎಂದರು.

“ನಮೂನ್ಯಾಗ ಗ್ರಾಹಕರ ಇಲ್ಲ ಅಂದ್ರ ನಾವು ಯಾರಿಗಾಗಿ ಟೆಸ್ಟ್ ಮಾಡಾಕತ್ತೀವ್ರಿ ಸರ್?”

ಸರ್ ಮಾತು ಬದಲಿಸಿದರು. ಬರುವ ತಿಂಗಳು ನನ್ನ ಕರಾರಿನ ಅವಧಿ ಮುಗಿಯುತ್ತದೆ ಎಂಬುದನ್ನು ನೆನಪಿಸಿದರು. ಹೆದರಿಸುವ ದನಿಯಲ್ಲಲ್ಲ, ಮಳೆ ಬರುವಂತಿದೆ ಎನ್ನುವ ಹಾಗೆ. ನಾಲ್ಕು ತಿಂಗಳ ಹಿಂದೆ ಇದೇ ಟವರಿಗೆ ನಾನೇ ಪಾಸ್ ಬರೆದಿದ್ದೇನೆ, ಈಗ ಫೇಲ್ ಎಂದರೆ ಮೊದಲು ಪ್ರಶ್ನೆ ಬರುವುದು ನನ್ನ ಮೇಲೆಯೇ ಎಂದೂ ಹೇಳಿದರು. ಅದು ನಿಜ. ಅದನ್ನು ನಾನೂ ಯೋಚಿಸಿದ್ದೆ.

“ಬರ್ಲಿ ಸರ್. ಆವಾಗ ತಪ್ಪು ಬರದಿದ್ದೆ ಅಂತ ಹೇಳ್ತೇನಿ.”

“ನೀವು ಸಹಿ ಮಾಡ್ಲಿಲ್ಲಂದ್ರ ಬ್ಯಾರೆಯವ್ರು ಮಾಡ್ತಾರ. ಇಷ್ಟಕ್ಕ ಏನು ಬದಲಾಗ್ತೈತಿ?”

“ಮಾಡ್ಲಿ. ಅವ್ರ ಹೆಸರು ಇರ್ತೈತಿ ಅಲ್ಲಿ. ನಂದು ಇರೂದಿಲ್ಲ.”

ಫೋನ್ ಇಟ್ಟ ಮೇಲೆ ವರದಿಯನ್ನು ಅವರಿಗೂ, ಕಂಪನಿಯ ಗುಣಮಟ್ಟ ವಿಭಾಗಕ್ಕೂ ಕಳಿಸಿದೆ. ಗಂಟೆ ಆರೂಕಾಲು. ಹೊರಗೆ ಇನ್ನೂ ಬೆಳಕಿತ್ತು. ನೀರು ಕುಡಿದು ಕೂತೆ.

ಮುಂದೆ ಏನಾಯಿತೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಂಪನಿಯವರು ಎರಡು ವಾರ ಸುಮ್ಮನಿದ್ದರು. ಆಮೇಲೆ ಬೇರೊಂದು ತಂಡವನ್ನು ಕಳಿಸಿದರು, ಪ್ರೀಪೇಯ್ಡ್ ಸಿಮ್ ಜೊತೆಗೆ ತರಲು ಹೇಳಿ. ಅವರ ಅಂಕೆಯೂ ಒಂದನ್ನು ದಾಟಲಿಲ್ಲ. ಎರಡನೇ ಕ್ಯಾರಿಯರ್ ಹನ್ನೊಂದು ವಾರದ ನಂತರ ಬಂತು. ಕೊಲ್ಹಾಪುರದ ಗಿರಾಕಿ ಅಲ್ಲಿಯತನಕ ಕಾಯಲಿಲ್ಲ. ಅವನ ಕೆಲಸದ ಐದು ಮಗ್ಗಗಳಲ್ಲಿ ಮೂರು ಎರಡು ತಿಂಗಳು ಖಾಲಿ ಇದ್ದವು. ಸೊಲ್ಲಾಪುರದ ಇನ್ನೊಂದು ಅಂಗಡಿ ಕುದುರಿದ ಮೇಲೆ ಮತ್ತೆ ಶುರುವಾದವು ಎಂದು ಜೈತುನಬಿ ವಿಡಿಯೊ ಕಾಲ್ ಮಾಡಿಯೇ ತಿಳಿಸಿದರು. ಕಾಲ್ ಎಲ್ಲಿಯೂ ನಿಲ್ಲಲಿಲ್ಲ. ಆನೆ ಹೆಜ್ಜೆ ವಿನ್ಯಾಸದ ಖಣವೊಂದನ್ನು ಬಿಡಿಸಿ, ತಿರುವಿ, ಹಿಂಬದಿಯನ್ನೂ ತೋರಿಸಿದರು. ನಾನು ಕೊಳ್ಳುವವಳಲ್ಲ ಎಂದು ಗೊತ್ತಿದ್ದೂ. ನನ್ನ ಕರಾರು ನವೀಕರಣವಾಗಲಿಲ್ಲ. ಈಗ ಬೇರೊಂದು ಸಂಸ್ಥೆಯಲ್ಲಿ ಇದೇ ಕೆಲಸ ಮಾಡುತ್ತೇನೆ. ಅಲ್ಲಿ ಸೇರುವ ದಿನವೇ ನನ್ನ ಚೀಲದಲ್ಲಿ ಎರಡು ಸಿಮ್ ಇರುತ್ತವೆ ಎಂದು ಹೇಳಿಯೇ ಸೇರಿದೆ.

ವೇಗಕ್ಕಾಗಿ ಕಾಯುವವರಿಗೆ ತಾಳ್ಮೆ ಇರಬೇಕೆಂದು ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಹೇಳುತ್ತಾರೆ. ಆ ಮಾತನ್ನು ನಾನು ಈಗ ಹೇಳುವುದಿಲ್ಲ. ಆ ಓಣಿಯವರು ತಾಳ್ಮೆಯಿಂದಲೇ ಇದ್ದರು, ಸುಣ್ಣದ ಗುರುತನ್ನು ವರ್ಷವಿಡೀ ತಿದ್ದುತ್ತಿದ್ದರು. ಅವರು ಕಾಯುತ್ತಿದ್ದದ್ದು ಟವರಿಗಾಗಿ ಅಲ್ಲ, ತಮ್ಮ ಸಾಲಿನಲ್ಲಿ ನಿಂತು ಯಾರಾದರೂ ಅಳೆಯಲಿ ಎಂದು. ಅಳೆಯುವವರಿಗೆ ಅಷ್ಟೂ ತಿಳಿಯದಿದ್ದರೆ ಲ್ಯಾಪ್‌ಟಾಪು, ಜಿಪಿಎಸ್, ಸಹಿ ಎಲ್ಲ ದಂಡ. ನನಗೆ ಅದನ್ನು ಕಲಿಸಿದ್ದು ಒಂದು ಓಲೆಯ ಕಡ್ಡಿ.

ವರದಿ ಕಳಿಸಿದ ಆ ಸಂಜೆಯೇ ನನ್ನ ಹಳೆಯ ಕಡತ ತೆರೆದು ನೋಡಿದ್ದೆ. ಹದಿನಾಲ್ಕು ತಿಂಗಳಲ್ಲಿ ನಾನು ಪಾಸ್ ಎಂದು ಸಹಿ ಮಾಡಿದ ಟವರುಗಳು ನಲವತ್ತೊಂದು. ಬಾದಾಮಿ ಬಳಿಯ ಬನಶಂಕರಿಯದು, ಇಳಕಲ್ಲಿನವು ನಾಲ್ಕು, ಹುನಗುಂದದಲ್ಲಿ ನಮ್ಮ ಮನೆಗೆ ಕಾಣಿಸುವ ಟವರ್ ಕೂಡ. ಎಲ್ಲವನ್ನೂ ಅಳೆದದ್ದು ಟವೆಲ್ ಹಾಕಿ ಸೀಟು ಹಿಡಿಯುವ ಆ ಒಂದೇ ಸಿಮ್ಮಿನಿಂದ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವುದನ್ನೇ ಕಾದು ನನ್ನ ಹೆಸರಿನಲ್ಲಿ ಒಂದು ಪ್ರೀಪೇಯ್ಡ್ ಸಿಮ್ ತೆಗೆದುಕೊಂಡೆ. ಅಂಗಡಿಯವನು ಚಾಲೂ ಮಾಡಿಕೊಡುವ ತನಕ ಅಲ್ಲಿಯೇ ನಿಂತೆ. ಹನಮಪ್ಪ ಗಾಡಿ ಚಾಲೂ ಮಾಡಿ, ಇವತ್ತು ಎಲ್ಲಿಗೆ ಎಂದು ಕೇಳಿದ. ಕಡತದ ಮೊದಲ ಹೆಸರು ಹೇಳಿದೆ.

“ಬೇವೂರಿಗೆ.”

“ಬೇವೂರು ಹ್ವಾದ ವರ್ಷನ ಮುಗದೈತಲ್ರಿ ಮೇಡಮ್ಮಾರ?”

“ಮುಗದಿಲ್ಲ,” ಎಂದೆ. ಟೆಸ್ಟ್ ಸಿಮ್ಮನ್ನು ಹೊರಗೆ ತೆಗೆದು ಪೆನ್ಸಿಲ್ ಡಬ್ಬಿಯಲ್ಲಿ ಹಾಕಿ, ಹೊಸದನ್ನು ಫೋನಿಗೆ ಸೇರಿಸಿದೆ.